ಉದ್ರಿ ಚುಕ್ತಾ ಮಾಡಿ ಹೋಗುವವರು

ರಾಯಚೂರು ಜಿಲ್ಲೆಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಲಿಂಗಸುಗೂರು ಕಡೆಯ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕಟ್ಟಡದ ಕೆಲಸ ಮಾಡಿ, ಹಬ್ಬಕ್ಕೋ ಬಿತ್ತನೆಗೋ ತಿರುಗಿ ಬರುತ್ತಾರೆ. ಕಿರಾಣಿ ಅಂಗಡಿಯವರಿಗೆ ಈ ಲೆಕ್ಕ ಗೊತ್ತು. ಗುಳೆ ಹೋಗುವವ ಉದ್ರಿ ಬಾಕಿ ಇಟ್ಟೇ ಹೋಗುತ್ತಾನೆ. ಪೂರಾ ಚುಕ್ತಾ ಮಾಡಿ ಹೋದ ಅಂದ್ರೆ ತಿರುಗಿ ಬರುವ ಮನಸ್ಸಿಲ್ಲ ಅಂತಲೇ ಅರ್ಥ.

ಹಾಗೆ ಚುಕ್ತಾ ಮಾಡಿ ಹೋಗುವವರಲ್ಲಿ ಈಗ ಬೇರೆ ಬಗೆಯವರೂ ಇದ್ದಾರೆ. ಎರಡೆಕರೆ ಹೊಲ ಉಂಟು, ಮನೆ ಸ್ವಂತದ್ದು. ಆದರೆ ನಾಲ್ಕು ವರ್ಷದ ಮಗ ಮಾತಾಡೋದಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡೋದಿಲ್ಲ. ಡಾಕ್ಟರು ಆಟಿಸಂ ಅಂದಿದ್ದಾರೆ. ಇನ್ನೊಂದು ಮನೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಹುಡುಗಿ, ಹಿಡಿದುಕೊಳ್ಳದೆ ಕೂರಲಾರಳು. ಓಣಿಯವರು ಮಾತ್ರ "ಅಕೀಗೆ ಸಿಟಿ ಹುಚ್ಚು ಹಿಡದೈತಿ" ಅಂತ ತಾಯಿಯನ್ನೇ ಆಡಿಕೊಳ್ಳುತ್ತಾರೆ. ಇಂಥ ಬಾಯಿಗಳಿಗೆ ಯಾವ ಊರಲ್ಲೂ ಬರವಿಲ್ಲ.

ಇದು ಜ್ವರಕ್ಕೆ ಸೂಜಿ ಚುಚ್ಚಿಸಿ ಬಂದಷ್ಟು ಸುಲಭದ ಕೆಲಸವಲ್ಲ. ಮಾತಿನ ತರಬೇತಿಯಾಗಲಿ, ಕೈಕಾಲಿನ ವ್ಯಾಯಾಮವಾಗಲಿ ವಾರ ತಪ್ಪದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬೇಕು. ಅಲ್ಲಿ ಕಲಿಸಿದ್ದನ್ನು ತಾಯಿ ಮನೆಯಲ್ಲಿ ದಿನವೂ ಮಾಡಿಸಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಈಗ ಬಸ್ಸಿನ ಲೆಕ್ಕ ನೋಡಿ. ವಿಕಲಚೇತನರ ರಿಯಾಯಿತಿ ಪಾಸು ನಡೆಯುವುದು ಮನೆಯಿಂದ 100 ಕಿ.ಮೀ. ಒಳಗೆ. ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿ.ಮೀ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇನ್ನೂ ಆಚೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ಟಿಲ್ಲ, ಸರಿ. ಆದರೆ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರಾತ್ರಿಯಿಡೀ ಕೂರುವುದು ಹೇಗೆ? ಹಿಂದಿನ ಸೀಟಿನವರು "ಯವ್ವಾ, ಸುಮ್ನಿರಸವಾ" ಅಂತ ಗದರುವುದನ್ನು ಪ್ರತಿ ವಾರ ಕೇಳುವುದು ಹೇಗೆ? ಎರಡು ಸಲ ಹೋಗಿಬಂದವರು ಮೂರನೇ ಸಲಕ್ಕೆ ಅಲ್ಲೇ ಬಾಡಿಗೆ ಕೋಣೆ ಹುಡುಕುತ್ತಾರೆ.

ಅಲ್ಲಿಗೆ ಸಂಸಾರ ಎರಡಾಗುತ್ತದೆ. ಅಪ್ಪ ಹೊಲಕ್ಕೆ ಅಂತ ಊರಲ್ಲಿ, ಇಲ್ಲವೇ ಹೊಲ ಲಾವಣಿಗೆ ಕೊಟ್ಟು ಬೆಂಗಳೂರಿನಲ್ಲಿ ವಾಚ್‌ಮನ್. ದೊಡ್ಡ ಮಗಳು ಅಜ್ಜಿಯ ಹತ್ತಿರ. ಮಗುವಿಗೂ ಇದು ಪೂರಾ ಲಾಭವೇನಲ್ಲ. ಊರಲ್ಲಿ ಅವನ ಪಾಡಿಗೆ ಅಂಗಳದಲ್ಲಿ ಮಣ್ಣಾಡುತ್ತಿದ್ದ. ಅಜ್ಜಿ "ಬಾರೋ ನಮ್ಮಪ್ಪಾ" ಅಂದರೆ ಒಮ್ಮೊಮ್ಮೆ ತಿರುಗುತ್ತಿದ್ದ. ಅಲ್ಲಿ ಹತ್ತಡಿ ಕೋಣೆ, ಸದಾ ಚಿಲಕ. ತರಬೇತಿ ಸಿಕ್ಕಿತು, ಅಜ್ಜಿ ತಪ್ಪಿದಳು. ಹೋದದ್ದು ತಪ್ಪೆಂದು ಯಾರು ಹೇಳಿಯಾರು? ಉಳಿದಿದ್ದರೆ ವರ್ಷಗಳೇ ಕೈಬಿಟ್ಟು ಹೋಗುತ್ತಿದ್ದವು.

ಕಾನೂನಿಗೇನೂ ಕೊರತೆಯಿಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯವಿತ್ತು. 2016ರ ಕಾಯ್ದೆಯಲ್ಲಿ 21 ಆಯಿತು, ಆಟಿಸಂ ಕೂಡ ಸೇರಿತು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ, 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೇ ಉಚಿತವಾಗಿ ಕಲಿಯುವ ಹಕ್ಕಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದಲ್ಲೇ ಇಂಥ ಮಕ್ಕಳ ಕೇಂದ್ರ ಇರಬೇಕೆಂದು ಬರೆದಿದೆ. ಅಲ್ಲಿ ಮಕ್ಕಳ ಡಾಕ್ಟರು, ಮಾತು ಕಲಿಸುವವರು, ವ್ಯಾಯಾಮ ಮಾಡಿಸುವವರು, ಮನಶ್ಶಾಸ್ತ್ರಜ್ಞರು ಎಲ್ಲರೂ ಇರಬೇಕು. ಬೋರ್ಡು ಬರೆಸಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡರೆ ಮಗುವಿಗೆ ಮಾತು ಬರುತ್ತದೆಯೇ ಸ್ವಾಮೀ? ಕುರ್ಚಿಯಲ್ಲಿ ಜನ ಕೂರಬೇಕು, ಪ್ರತಿ ವಾರ ಕೂರಬೇಕು. ಕಾಂಟ್ರಾಕ್ಟು ಮುಗಿದು ಮಾತು ಕಲಿಸುವವರು ಹೊರಟುಹೋದರೆ ಮಗು ಕಲಿತ ನಾಲ್ಕು ಶಬ್ದವೂ ನಿಂತುಹೋಗುತ್ತದೆ.

ಲಿಂಗಸುಗೂರಿನಿಂದ ರಾಯಚೂರಿಗೆ ಬರುವುದಕ್ಕೆ ಆ 100 ಕಿ.ಮೀ. ಪಾಸು ಸಾಕು. ಬೆಳಿಗ್ಗೆ ಹೊರಟು ಸಂಜೆ ಮನೆ ಸೇರಬಹುದು. ಹಾಗಾದರೆ ಜಿಲ್ಲಾಡಳಿತ ಮಾಡಬೇಕಾದ್ದು ದೊಡ್ಡ ಪವಾಡವೇನಲ್ಲ. ಹುದ್ದೆ ಖಾಲಿ ಬೀಳದಂತೆ ನೋಡಿಕೊಳ್ಳಲಿ. ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಅದೇ ತಂಡ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೂರಲಿ. ಯಾರು ಯಾವ ವಾರ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಪಕ್ಕ ದಪ್ಪ ಅಕ್ಷರದಲ್ಲಿ ಅಂಟಿಸಲಿ. ರಾತ್ರಿಯ ಬೆಂಗಳೂರು ಬಸ್ಸಿಗೆ ಕಾಯುವವರು ನಿಲ್ಲುವುದೂ ಅಲ್ಲೇ.