ಹಿರಿಯರ ಕ್ಯಾನ್ಸರ್ ತಪಾಸಣೆ: ಎಲ್ಲಿಯವರೆಗೆ?

ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಮುಪ್ಪಿನೊಡನೆ ಕ್ಯಾನ್ಸರ್ ತಲೆದೋರುವುದುಂಟು. ಅದರ ಎಲ್ಲ ಬಗೆಗಳೂ ಒಂದೇ ವೇಗದಲ್ಲಿ ಬೆಳೆಯವು. ಮಂದಗತಿಯ ಬಗೆಯನ್ನು ಒಡನೆಯೇ ಕತ್ತರಿಸಿ ತೆಗೆಯದೆ, ಪಿ.ಎಸ್.ಎ. ಎಂಬ ರಕ್ತಪರೀಕ್ಷೆ, ಎಂ.ಆರ್.ಐ. ಚಿತ್ರ, ಗ್ರಂಥಿಯ ತುಣುಕನ್ನು ಸೂಜಿಯಿಂದ ತೆಗೆದು ನೋಡುವ ಬಯಾಪ್ಸಿ, ಇವುಗಳ ನೆರವಿನಿಂದ ಕಾವಲಿರುವುದು ಇಂದು ವೈದ್ಯರು ಒಪ್ಪಿರುವ ಕ್ರಮ. ಈ ಕಾವಲನ್ನು ಯಾವಾಗ ಸಡಿಲಿಸಬೇಕೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಬ್ರಿಟನ್ನಿನ 'ಪ್ರೊಟೆಕ್ಟ್' ಪ್ರಯೋಗದ ದೀರ್ಘಕಾಲದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾದಾಗ 50ರಿಂದ 69 ವಯಸ್ಸಿನವರಾಗಿದ್ದ 1,643 ಪುರುಷರಲ್ಲಿ ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ವಿಕಿರಣ, ಉಳಿದವರಿಗೆ ಕಾವಲು. ಸುಮಾರು 15 ವರ್ಷಗಳಲ್ಲಿ ತೀರಿಕೊಂಡವರು 356 ಮಂದಿ. ಅವರಲ್ಲಿ ಈ ರೋಗದಿಂದಲೇ ಮಡಿದವರು 45. ಮೂರು ಗುಂಪುಗಳಲ್ಲಿಯೂ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ. ಕಾವಲಿನ ಗುಂಪಿನಲ್ಲಿ ರೋಗ ಹರಡಿದವರು ಹೆಚ್ಚೆಂಬುದೂ ನಿಜ. ಆದರೆ ಹಾಗೆ ಹರಡಲು ಬಹಳ ವರ್ಷಗಳು ಬೇಕು.

ಆದುದರಿಂದ, ಬೇರೆ ಕಾಯಿಲೆಗಳಿಂದ ಬಳಲುತ್ತ, ಇನ್ನು ಹತ್ತು ವರ್ಷಗಳ ಆಯುಸ್ಸನ್ನು ನಿರೀಕ್ಷಿಸಲಾಗದ ಹಿರಿಯರಿಗೆ ಬಯಾಪ್ಸಿಯಿಂದ ಲಾಭ ಅಲ್ಪ. ರಕ್ತಸ್ರಾವ, ಸೋಂಕುಗಳ ಭಯ ಮಾತ್ರ ಉಳಿಯುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆಗೆಂದು ಬೆಳಗಾವಿಗೋ ಮಿರಜಿಗೋ ಕೊಲ್ಲಾಪುರಕ್ಕೋ ಹೋಗಬೇಕು. ಕಬ್ಬಿನ ಕಟಾವಿನ ದಿನಗಳಲ್ಲಿ ಮಗನ ಕೆಲಸ ಬಿಡಿಸಿ ಇಡೀ ದಿನ ಅಲೆಯುವ ವೃದ್ಧನಿಗೆ, ಆ ಅಲೆದಾಟದ ಫಲವೇನೆಂದು ಕೇಳುವ ಹಕ್ಕಿದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಅಡ್ಡಬರುತ್ತವೆ. ತಪಾಸಣೆ ನಿಲ್ಲಿಸಿದರೆ ತಂದೆಯನ್ನು ಕೈಬಿಟ್ಟಂತಾಯಿತೆಂದು ಮಕ್ಕಳು ಅಳುಕುತ್ತಾರೆ. ಮಕ್ಕಳಿಗೆ ಭಾರವಾದೆನೆಂದು ನೊಂದು ತಂದೆ ತಾನಾಗಿಯೇ ಬೇಡವೆನ್ನುತ್ತಾನೆ. ಇವೆರಡೂ ಸಲ್ಲವು. ನಿರ್ಧಾರಕ್ಕೆ ಆಧಾರವಾಗಬೇಕಾದದ್ದು ಹಿರಿಯನ ದೇಹಸ್ಥಿತಿ ಮತ್ತು ಅವನ ಇಚ್ಛೆ. ಖರ್ಚೂ ಅಲ್ಲ, ಲೋಕದ ಮಾತೂ ಅಲ್ಲ. 'ಈ ಪರೀಕ್ಷೆಯ ಫಲ ಏನೇ ಬಂದರೂ ಚಿಕಿತ್ಸೆ ಬದಲಾಗುವುದೆ?' ಎಂದು ವೈದ್ಯರನ್ನು ಅವನೇ ಕೇಳಲಿ. ಬದಲಾಗದೆಂಬ ಉತ್ತರ ಬಂದರೆ ಪರೀಕ್ಷೆಯನ್ನು ಬಿಡುವುದು ವಿವೇಕ.

ಒಂದು ಎಚ್ಚರಿಕೆ. ಈ ಮಾತು ಮಂದಗತಿಯ ರೋಗಕ್ಕಷ್ಟೇ ಅನ್ವಯಿಸುತ್ತದೆ. ಮೂತ್ರದಲ್ಲಿ ರಕ್ತ, ಬಿಡದ ಬೆನ್ನುನೋವು, ಕಾಲುಗಳಲ್ಲಿ ಬಲಹೀನತೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕಾವಲನ್ನು ಸಡಿಲಿಸುವುದೆಂದರೆ ಆರೈಕೆಯನ್ನು ನಿಲ್ಲಿಸುವುದಲ್ಲ. ಈ ಭೇದವನ್ನು ವೈದ್ಯರು ಮನೆಮಂದಿಯ ಎದುರಿನಲ್ಲಿ, ಅವರ ಮಾತಿನಲ್ಲಿಯೇ, ಬಿಡಿಸಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.