ಅಂತರ್ಜಾಲದಲ್ಲಿ ಜೀವವಿಮೆ: ಇಳಿದ ಕಂತು, ಏರಿದ ಹೊಣೆ

ವೈಯಕ್ತಿಕ ಜೀವವಿಮಾ ಪಾಲಿಸಿಗಳ ಕಂತಿನ ಮೇಲಿದ್ದ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸಂಪೂರ್ಣವಾಗಿ ರದ್ದಾಯಿತು. ಅದುವರೆಗೆ ಶುದ್ಧ ಅವಧಿ ವಿಮೆ, ಅಂದರೆ ಟರ್ಮ್ ಪಾಲಿಸಿಯ ಪ್ರತಿ ನೂರು ರೂಪಾಯಿ ಕಂತಿಗೆ 18 ರೂಪಾಯಿ ತೆರಿಗೆ ಸೇರುತ್ತಿತ್ತು. ವರ್ಷಕ್ಕೆ 10,000 ರೂಪಾಯಿ ಕಂತಿದ್ದ ಕುಟುಂಬ 11,800 ರೂಪಾಯಿ ತೆರಬೇಕಾಗಿತ್ತು. ಈ ಭಾರ ಇಳಿದ ಬಳಿಕ, ಮನೆಯಲ್ಲೇ ಕುಳಿತು ಮೊಬೈಲ್ ಪರದೆಯ ಮೇಲೆ ಪಾಲಿಸಿ ಕೊಳ್ಳುವ ಆಕರ್ಷಣೆ ಇನ್ನಷ್ಟು ಹೆಚ್ಚಿದೆ.

ಕಂತು ಇಳಿಯುವುದು ಸ್ವಾಗತಾರ್ಹವೇ ಸರಿ. ಆದರೆ ತೆರಿಗೆ ವಿನಾಯಿತಿಯ ಜೊತೆಗೆ ವಿಮಾ ಕಂಪನಿಗಳು ಒಂದು ಸೌಲಭ್ಯವನ್ನೂ ಕಳೆದುಕೊಂಡಿವೆ ಎಂಬುದು ಗಮನಾರ್ಹ. ತಾವು ಖರೀದಿಸುವ ಸೇವೆಗಳ ಮೇಲೆ ತೆತ್ತ ತೆರಿಗೆಯನ್ನು ಅವು ಮೊದಲು ಮರಳಿ ಜಮೆ ಮಾಡಿಕೊಳ್ಳಬಹುದಿತ್ತು. ಈಗ ಅದು ಸಾಧ್ಯವಿಲ್ಲ. ಆ ನಷ್ಟವನ್ನು ಮಧ್ಯವರ್ತಿಗಳ ಕಮಿಷನ್ನಿನಲ್ಲೋ ಮೂಲ ಕಂತಿನಲ್ಲೋ ಸರಿದೂಗಿಸಿಕೊಳ್ಳುವ ಒತ್ತಡ ಕಂಪನಿಗಳ ಮೇಲಿದೆ. ಆದ್ದರಿಂದ ಗ್ರಾಹಕ ನೋಡಬೇಕಾದುದು 'ತೆರಿಗೆ ಶೂನ್ಯ' ಎಂಬ ಜಾಹೀರಾತನ್ನಲ್ಲ, ಕೊನೆಗೆ ತಾನು ತೆರುವ ಮೊತ್ತವನ್ನು.

ಏಜೆಂಟನಿಂದ ಪರದೆಗೆ

1956ರ ಸೆಪ್ಟೆಂಬರ್ 1ರಂದು 245 ಖಾಸಗಿ ವಿಮಾ ಸಂಸ್ಥೆಗಳನ್ನು ಒಂದುಗೂಡಿಸಿ ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾದಾಗಿನಿಂದ ಹಲವು ದಶಕಗಳ ಕಾಲ ಜೀವವಿಮೆ ಎಂದರೆ ಊರಿಗೊಬ್ಬ ಪರಿಚಿತ ಏಜೆಂಟನೆಂದೇ ಅರ್ಥವಿತ್ತು. ಶಾಲಾ ಮಾಸ್ತರರೋ, ಅಂಚೆ ಕಚೇರಿಯ ನಿವೃತ್ತ ನೌಕರರೋ, ನೆಂಟರಲ್ಲೇ ಒಬ್ಬರೋ ಮನೆಗೆ ಬಂದು ಅರ್ಜಿ ತುಂಬಿಸಿಕೊಂಡು ಹೋಗುತ್ತಿದ್ದರು. 2000ದಲ್ಲಿ ಕ್ಷೇತ್ರ ಖಾಸಗಿಯವರಿಗೆ ಮತ್ತೆ ತೆರೆದ ಮೇಲೂ ಈ ಚಿತ್ರ ಹೆಚ್ಚೇನೂ ಬದಲಾಗಲಿಲ್ಲ.

ಬದಲಾವಣೆಯ ಆರಂಭ 2009ರಲ್ಲಿ. ಆ ವರ್ಷ ಏಗಾನ್ ರೆಲಿಗೇರ್ ಕಂಪನಿ ಅಂತರ್ಜಾಲದಲ್ಲಿ ಮಾರುವ ಅವಧಿ ವಿಮೆಯನ್ನು ದೇಶದಲ್ಲಿ ಮೊದಲಿಗೆ ತಂದಿತು. ಏಜೆಂಟನ ಕಮಿಷನ್ ಇಲ್ಲವಾದ್ದರಿಂದ ಕಂತು ಗಣನೀಯವಾಗಿ ಕಡಿಮೆಯಿತ್ತು. ಇತರ ಖಾಸಗಿ ಕಂಪನಿಗಳು ಹಿಂಬಾಲಿಸಿದವು. ಲಕ್ಷಾಂತರ ಏಜೆಂಟರನ್ನೇ ಬೆನ್ನೆಲುಬಾಗಿ ಹೊಂದಿದ್ದ ಜೀವ ವಿಮಾ ನಿಗಮವೂ 2014ರಲ್ಲಿ ಇ-ಟರ್ಮ್, 2019ರಲ್ಲಿ ಟೆಕ್ ಟರ್ಮ್, 2024ರಲ್ಲಿ ಡಿಜಿ ಟರ್ಮ್ ಪಾಲಿಸಿಗಳನ್ನು ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟಿತು.

ಆದರೆ ಏಜೆಂಟ ಕೇವಲ ಕಮಿಷನ್ ಪಡೆಯುವವನಾಗಿರಲಿಲ್ಲ. ಒಳ್ಳೆಯ ಏಜೆಂಟನೊಬ್ಬ ಮೂರು ಕೆಲಸ ಮಾಡುತ್ತಿದ್ದ: ಯಾವ ಪಾಲಿಸಿ ಸೂಕ್ತವೆಂದು ತಿಳಿಸುತ್ತಿದ್ದ, ಅರ್ಜಿಯ ಪ್ರಶ್ನೆಗಳನ್ನು ಬಿಡಿಸಿ ಹೇಳುತ್ತಿದ್ದ, ಸಾವು ಸಂಭವಿಸಿದಾಗ ಮನೆಗೆ ಬಂದು ಕ್ಲೇಮಿನ ಕಾಗದ ಪತ್ರ ಮಾಡಿಸುತ್ತಿದ್ದ. ಕೆಟ್ಟ ಏಜೆಂಟರು ಈ ಮೂರನ್ನೂ ಕೆಡಿಸಿದ್ದೂ ಉಂಟು. ಏನೇ ಇರಲಿ, ಅಂತರ್ಜಾಲದಲ್ಲಿ ಕೊಳ್ಳುವಾಗ ಈ ಮೂರೂ ಹೊಣೆ ಗ್ರಾಹಕನ ಹೆಗಲಿಗೇ ಬರುತ್ತದೆ. ರಿಯಾಯಿತಿಯ ನಿಜವಾದ ಬೆಲೆ ಇದು.

ಆಯ್ಕೆಯ ಗೊಂದಲ

ಹೋಲಿಕೆ ತಾಣಗಳಲ್ಲಿ ವಯಸ್ಸು, ಆದಾಯ, ಮೊಬೈಲ್ ಸಂಖ್ಯೆ ನೀಡಿದರೆ ಸಾಕು, ಹತ್ತಾರು ಕಂಪನಿಗಳ ಕಂತು ಸಾಲಾಗಿ ಕಾಣಿಸುತ್ತದೆ. ಈ ತಾಣಗಳು ಪರೋಪಕಾರಕ್ಕೆ ನಿಂತವಲ್ಲ. ಅವುಗಳಿಗೆ ಆದಾಯ ಬರುವುದು ವಿಮಾ ಕಂಪನಿಗಳಿಂದ. 2017ರ ವೆಬ್ ಅಗ್ರಿಗೇಟರ್ ನಿಯಮಾವಳಿ ಇಂತಹ ತಾಣಗಳು ಪಾಲಿಸಿಗಳಿಗೆ ಶ್ರೇಯಾಂಕ ನೀಡಕೂಡದು, 'ಅತಿ ಹೆಚ್ಚು ಮಾರಾಟವಾದುದು' ಎಂದು ಬಿಂಬಿಸಕೂಡದು ಎಂದು ವಿಧಿಸಿದ್ದು ಈ ಕಾರಣಕ್ಕೇ. ಸಾಲಿನಲ್ಲಿ ಮೊದಲು ಕಾಣುವುದೇ ಉತ್ತಮವೆಂದು ನಂಬಬೇಕಿಲ್ಲ.

ಗ್ರಾಹಕ ನೋಡಲೇಬೇಕಾದ ಒಂದು ಅಂಕಿ ಎಂದರೆ ಕ್ಲೇಮು ಇತ್ಯರ್ಥದ ಪ್ರಮಾಣ. ಇದರಲ್ಲೂ ಒಂದು ಸೂಕ್ಷ್ಮವಿದೆ. ನೂರು ಕ್ಲೇಮುಗಳಲ್ಲಿ 98 ಪಾವತಿಯಾಗಿವೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ತಿರಸ್ಕೃತವಾದ ಎರಡೂ ಒಂದೊಂದು ಕೋಟಿಯ ಅವಧಿ ವಿಮೆಗಳಾಗಿದ್ದು, ಪಾವತಿಯಾದವೆಲ್ಲ ಒಂದೆರಡು ಲಕ್ಷದ ಉಳಿತಾಯ ಪಾಲಿಸಿಗಳಾಗಿದ್ದರೆ? ಆದ್ದರಿಂದ ಪಾಲಿಸಿಗಳ ಸಂಖ್ಯೆಯ ಲೆಕ್ಕವಲ್ಲದೆ ಹಣದ ಮೊತ್ತದ ಲೆಕ್ಕದಲ್ಲೂ ಎಷ್ಟು ಪಾವತಿಯಾಗಿದೆ ಎಂಬುದನ್ನು ನೋಡಬೇಕು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ವಾರ್ಷಿಕ ವರದಿಯಲ್ಲಿ ಎರಡೂ ಲೆಕ್ಕ ಸಿಗುತ್ತದೆ.

ಖರೀದಿಯ ಹಾದಿಯಲ್ಲಿ ಬರುವ ಆಮಿಷಗಳು ಇನ್ನೊಂದು ಬಗೆಯವು. ಅಪಘಾತ ಪರಿಹಾರ, ಗಂಭೀರ ಕಾಯಿಲೆಯ ಪರಿಹಾರ ಮುಂತಾದ ರೈಡರುಗಳಿಗೆ ಮೊದಲೇ ಗುರುತು ಬಿದ್ದಿರುವ ಪುಟಗಳ ಬಗ್ಗೆ ಎಚ್ಚರ ಬೇಕು. ಗ್ರಾಹಕನ ಒಪ್ಪಿಗೆಯಿಲ್ಲದೆ ಬುಟ್ಟಿಗೆ ಸರಕು ಸೇರಿಸುವ ಇಂತಹ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. 'ಬದುಕಿದ್ದರೆ ಕಟ್ಟಿದ ಹಣ ವಾಪಸ್' ಎಂಬ ಪಾಲಿಸಿಗಳೂ ಹಾಗೆಯೇ. ಅವುಗಳ ಕಂತು ಸಾಮಾನ್ಯ ಅವಧಿ ವಿಮೆಗಿಂತ ಬಹಳ ಹೆಚ್ಚು. ಮೂವತ್ತು ವರ್ಷಗಳ ನಂತರ ಬಡ್ಡಿಯಿಲ್ಲದೆ ಮರಳುವ ಹಣದ ಬೆಲೆ ಅಷ್ಟರಲ್ಲಿ ಎಷ್ಟು ಕರಗಿರುತ್ತದೆ ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ. ತೆರಿಗೆ ಉಳಿಸಲೆಂದೇ ಪಾಲಿಸಿ ಕೊಳ್ಳುವ ಅಭ್ಯಾಸಕ್ಕೂ ಈಗ ಅರ್ಥ ಕಡಿಮೆ. 2023-24ರಿಂದ ಹೊಸ ಆದಾಯ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತಿದ್ದು, ಅದರಲ್ಲಿ ಜೀವವಿಮಾ ಕಂತಿಗೆ ಕಡಿತವಿಲ್ಲ.

ಅರ್ಜಿಯಲ್ಲಿ ಅಡಗಿದ ಅಪಾಯ

ಕ್ಲೇಮು ತಿರಸ್ಕೃತವಾಗುವ ಬೀಜ ಬಹುತೇಕ ಬಿತ್ತಲ್ಪಡುವುದು ಅರ್ಜಿ ತುಂಬುವ ಹತ್ತು ನಿಮಿಷಗಳಲ್ಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದಿನ ಶಸ್ತ್ರಚಿಕಿತ್ಸೆ, ತಂದೆತಾಯಿಯ ಹೃದ್ರೋಗ, ಈಗಾಗಲೇ ಇರುವ ಪಾಲಿಸಿಗಳು ಹೀಗೆ ಪ್ರಶ್ನೆಗಳ ಸರಮಾಲೆ. ಎಲ್ಲಕ್ಕೂ 'ಇಲ್ಲ' ಎಂದು ಒತ್ತಿಬಿಟ್ಟರೆ ಕಂತು ಏರುವುದಿಲ್ಲ ಎಂಬ ಲೆಕ್ಕಾಚಾರ ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆಯೇ.

ತಂಬಾಕಿನ ಪ್ರಶ್ನೆಯನ್ನೇ ನೋಡಬಹುದು. ಬೀಡಿ ಸಿಗರೇಟು ಸೇದದವರು 'ಇಲ್ಲ' ಎಂದು ಉತ್ತರಿಸುವುದು ಸಹಜ. ಆದರೆ ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಳ್ಳುವುದು, ಗುಟ್ಕಾ ಅಗಿಯುವುದು ಸಹ ವಿಮಾ ಕಂಪನಿಯ ಲೆಕ್ಕದಲ್ಲಿ ತಂಬಾಕು ಸೇವನೆಯೇ. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಊಟವಾದ ಮೇಲಿನ ಎಲೆಅಡಿಕೆಯನ್ನು ಯಾರೂ ಚಟವೆಂದು ಭಾವಿಸುವುದಿಲ್ಲ. ಇಂಗ್ಲಿಷಿನ ಅರ್ಜಿಯನ್ನು ಮಗನೋ ಸೈಬರ್ ಅಂಗಡಿಯವನೋ ತುಂಬಿದರಂತೂ ಪ್ರಶ್ನೆಯೇ ಕಿವಿಗೆ ಬೀಳುವುದಿಲ್ಲ.

ಅರ್ಜಿಯನ್ನು ಬೇರೆಯವರು ತುಂಬಿದರು ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಹಿಂದೆ ಕೊಂಡಿದ್ದ ಮತ್ತೊಂದು ಕಂಪನಿಯ ಪಾಲಿಸಿಯನ್ನು ಅರ್ಜಿಯಲ್ಲಿ ತಿಳಿಸದಿದ್ದ ಪ್ರಕರಣವೊಂದರಲ್ಲಿ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ತಿರಸ್ಕಾರವನ್ನು ಎತ್ತಿಹಿಡಿಯಿತು. ಸಹಿ ಮಾಡಿದವನೇ ಹೊಣೆ ಎಂಬುದು ಅದರ ಸಾರ. 2025ರ ಫೆಬ್ರವರಿಯಲ್ಲಿ ಮತ್ತೊಂದು ಪ್ರಕರಣದಲ್ಲಿ, ದೊಡ್ಡ ಪಾಲಿಸಿಯನ್ನು ತಿಳಿಸಿ ಕೆಲವು ಸಣ್ಣ ಪಾಲಿಸಿಗಳನ್ನು ಬಿಟ್ಟಿದ್ದವರ ಕುಟುಂಬಕ್ಕೆ ಅದೇ ನ್ಯಾಯಾಲಯ ಪರಿಹಾರ ಕೊಡಿಸಿತು. ಪ್ರತಿ ಲೋಪವೂ ಮಾರಕವಲ್ಲ ಎಂಬುದು ಸಮಾಧಾನದ ಸಂಗತಿಯಾದರೂ, ಅದನ್ನು ಸಾಬೀತುಪಡಿಸಲು ಒಂದು ಕುಟುಂಬ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು ಎಂಬುದನ್ನು ಮರೆಯಲಾಗದು.

ಕಾನೂನು ಗ್ರಾಹಕನ ಪರವಾಗಿಯೂ ಇದೆ. 1938ರ ವಿಮಾ ಕಾಯ್ದೆಯ 45ನೇ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯಂತೆ, ಪಾಲಿಸಿ ಆರಂಭವಾಗಿ ಮೂರು ವರ್ಷ ಕಳೆದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ನಿಂತುಹೋದ ಪಾಲಿಸಿಗೆ ಮತ್ತೆ ಜೀವ ಕೊಟ್ಟರೆ ಮೂರು ವರ್ಷದ ಎಣಿಕೆ ಅಲ್ಲಿಂದ ಹೊಸದಾಗಿ ಆರಂಭವಾಗಬಹುದು. ಕಂತು ತಪ್ಪಿಸಬಾರದೆಂಬುದಕ್ಕೆ ಇದೂ ಒಂದು ಕಾರಣ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕನ್ನು 2024ರ ನಿಯಮಗಳು ಎಲ್ಲ ಗ್ರಾಹಕರಿಗೂ ನೀಡಿವೆ. ಪಾಲಿಸಿಯೊಂದಿಗೆ ಬರುವ ಅರ್ಜಿಯ ಪ್ರತಿಯನ್ನು ಆ ಅವಧಿಯಲ್ಲಿ ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಲಿಖಿತವಾಗಿ ತಿದ್ದಿಸುವುದು ಅತ್ಯಂತ ಅಗ್ಗದ ರಕ್ಷಣೆ. 2025ರ ಮಾರ್ಚ್‌ನಿಂದ ಜಾರಿಗೆ ಬಂದ ಬಿಮಾ-ಅಸ್ಬಾ ವ್ಯವಸ್ಥೆಯಲ್ಲಿ, ಕಂಪನಿ ಅರ್ಜಿಯನ್ನು ಒಪ್ಪುವವರೆಗೆ ಕಂತಿನ ಹಣ ಗ್ರಾಹಕನ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿಯಲ್ಪಟ್ಟು ಉಳಿಯುತ್ತದೆ.

ಹಣ ಯಾರ ಕೈಗೆ?

ನಾಮಿನಿಯ ಹೆಸರು ತುಂಬುವ ಅಂಕಣ ಅರ್ಜಿಯಲ್ಲಿ ಅತಿ ಚಿಕ್ಕದು. ಜಗಳ ಹುಟ್ಟುವುದು ಅಲ್ಲೇ. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿ, ಮದುವೆಯಾಗಿ ಮಗುವಾದ ಮೇಲೂ ಅದನ್ನು ಬದಲಿಸದೆ ತೀರಿಕೊಂಡ ವ್ಯಕ್ತಿಯೊಬ್ಬರ ಪ್ರಕರಣ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ನಾಮಿನಿಯಾದ ಮಾತ್ರಕ್ಕೆ ವಾರಸುದಾರರ ಹಕ್ಕು ಅಳಿಯದು ಎಂದು 2025ರ ಮಾರ್ಚ್‌ನಲ್ಲಿ ವರದಿಯಾದ ತೀರ್ಪಿನಲ್ಲಿ ಹೇಳಿದ ನ್ಯಾಯಾಲಯ, ತಾಯಿ, ಪತ್ನಿ ಮತ್ತು ಮಗುವಿಗೆ ತಲಾ ಮೂರನೇ ಒಂದು ಪಾಲು ಎಂದು ತೀರ್ಮಾನಿಸಿತು. ಅತ್ತೆ ಸೊಸೆಯನ್ನು ಕಟಕಟೆಯ ಎರಡು ಬದಿಗೆ ನಿಲ್ಲಿಸಿದ್ದು ಸಕಾಲದಲ್ಲಿ ಬದಲಾಗದ ಒಂದು ಹೆಸರು.

ಸಾಲಗಾರರ ಕಾಟವಿರುವ ಸಣ್ಣ ವ್ಯಾಪಾರಿಗಳು, ಗುತ್ತಿಗೆದಾರರು, ಕೃಷಿಕರಿಗೆ ಇನ್ನೊಂದು ದಾರಿಯಿದೆ. ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ 1874ರಷ್ಟು ಹಳೆಯದು. ಅದರ 6ನೇ ಕಲಮಿನಡಿ ಪತ್ನಿ ಹಾಗೂ ಮಕ್ಕಳ ಹಿತಕ್ಕೆಂದು ಮಾಡಿದ ಪಾಲಿಸಿಯ ಹಣ ಗಂಡನ ಆಸ್ತಿಯ ಭಾಗವಾಗುವುದಿಲ್ಲ. ಸಾಲ ಕೊಟ್ಟವರು ಸಾಮಾನ್ಯವಾಗಿ ಅದರ ಮೇಲೆ ಕೈಯಿಡಲಾರರು. ಇದನ್ನು ಪಾಲಿಸಿ ಕೊಳ್ಳುವಾಗಲೇ ಆರಿಸಬೇಕು. ನಂತರ ಮನಸ್ಸು ಬದಲಿಸಲು ಅವಕಾಶವಿಲ್ಲ. ಅಂತರ್ಜಾಲದ ಅರ್ಜಿಗಳಲ್ಲಿ ಇದು ಒಂದು ಸಣ್ಣ ಚೌಕವಾಗಿ ಬಂದು ಹೋಗುತ್ತದೆ, ವಿವರಿಸಿ ಹೇಳುವವರಿಲ್ಲ.

ಪಾಲಿಸಿ ಇದೆ ಎಂಬುದೇ ಮನೆಯವರಿಗೆ ತಿಳಿಯದಿರುವುದು ಎಲ್ಲಕ್ಕಿಂತ ದೊಡ್ಡ ಅಪಾಯ. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿಗಳನ್ನು ಇಲೆಕ್ಟ್ರಾನಿಕ್ ರೂಪದಲ್ಲಿ ನೀಡುವುದು ಕಡ್ಡಾಯವಾಗಿದೆ. ಹಿಂದೆ ಬೀರುವಿನ ಬಾಂಡು ಕಾಗದ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಈಗಿನ ಪಾಲಿಸಿ ಬೀಗ ಹಾಕಿದ ಮೊಬೈಲಿನ ಮಿಂಚಂಚೆಯಲ್ಲಿ ಇರುತ್ತದೆ. ಅದರ ಗುಪ್ತಸಂಖ್ಯೆ ಮಾಲೀಕನೊಂದಿಗೇ ಹೋಗಿರುತ್ತದೆ. ಹತ್ತು ವರ್ಷ ಯಾರೂ ಕೇಳದೆ ಉಳಿದ ವಿಮಾ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಸೇರುತ್ತದೆ. ಪಾಲಿಸಿ ಸಂಖ್ಯೆ, ಕಂಪನಿಯ ಹೆಸರು, ವಿಮಾ ಮೊತ್ತ ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮನೆಯ ಹಿರಿಯರಿಗೋ ಸಂಗಾತಿಗೋ ಕೊಡುವುದು ಯಾವ ತಂತ್ರಜ್ಞಾನಕ್ಕೂ ಕಡಿಮೆಯಾದ ಕ್ರಮವಲ್ಲ.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ನೀಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ನೀಡದಿದ್ದರೆ, ವಿಮಾ ಒಂಬುಡ್ಸ್‌ಮನ್ ಅವರ ಮೊರೆಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅವರು ಕೊಡಿಸಬಹುದಾದ ಪರಿಹಾರದ ಮಿತಿ 2023ರಲ್ಲಿ 30 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿದೆ. ಕೋಟಿ ರೂಪಾಯಿಯ ಪಾಲಿಸಿಗಳು ಸಾಮಾನ್ಯವಾಗಿರುವ ಅಂತರ್ಜಾಲ ಮಾರುಕಟ್ಟೆಗೆ ಈ ಮಿತಿ ಇನ್ನೂ ಚಿಕ್ಕದೇ.

ಕನ್ನಡದಲ್ಲಿ ಕೇಳಬೇಕಾದ ಪ್ರಶ್ನೆ

2023-24ರಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನಕ್ಕೆ ಹೋಲಿಸಿದರೆ ಜೀವವಿಮಾ ಕಂತಿನ ಪಾಲು ಶೇ. 2.8 ಮಾತ್ರ. 2047ರ ವೇಳೆಗೆ ಎಲ್ಲರಿಗೂ ವಿಮೆ ಎಂಬ ಗುರಿ ಹೊತ್ತ ಪ್ರಾಧಿಕಾರ, ಎಲ್ಲ ಕಂಪನಿಗಳನ್ನೂ ಒಂದೇ ಅಂತರ್ಜಾಲ ಮಾರುಕಟ್ಟೆಗೆ ತರುವ 'ಬಿಮಾ ಸುಗಮ' ಯೋಜನೆಗೆ 2024ರ ಮಾರ್ಚ್‌ನಲ್ಲಿ ನಿಯಮ ರೂಪಿಸಿತು. ಯೋಜನೆ ಒಳ್ಳೆಯದೇ. ಆದರೆ ತನ್ನ ಕಾಯಿಲೆಯ ಬಗ್ಗೆ ತನ್ನ ನುಡಿಯಲ್ಲಿ ಪ್ರಶ್ನೆ ಕೇಳಿಸಿಕೊಳ್ಳದ ಗ್ರಾಹಕ ಸತ್ಯವನ್ನೇ ಹೇಳಿದ್ದಾನೆಂದು ಹೇಗೆ ನಂಬುವುದು? ಸಹಿಗಿಂತ ಮೊದಲು ಅರ್ಥವಾಗುವ ಭಾಷೆ ಬೇಕು. ಅರ್ಜಿ, ಪಾಲಿಸಿಯ ಸಾರಾಂಶ ಮತ್ತು ತಿರಸ್ಕಾರದ ಪತ್ರ ಈ ಮೂರೂ ಕನ್ನಡದಲ್ಲಿ ದೊರೆಯಬೇಕೆಂಬ ಒತ್ತಾಯ ಭಾಷಾಭಿಮಾನದ ಮಾತಷ್ಟೇ ಅಲ್ಲ, ಕ್ಲೇಮಿನ ನ್ಯಾಯದ ಮಾತು.

ಬೇರೆಲ್ಲ ಸರಕಿನಲ್ಲಿ ಕೊಂಡವನೇ ಅದರ ಗುಣದೋಷವನ್ನು ಪರೀಕ್ಷಿಸುತ್ತಾನೆ. ಅವಧಿ ವಿಮೆಯಲ್ಲಿ ಆ ಪರೀಕ್ಷೆ ನಡೆಯುವಾಗ ಕೊಂಡವನು ಇರುವುದಿಲ್ಲ. ಅವನು ತುಂಬಿದ ಉತ್ತರಗಳಿಗೆ ಅವನ ಹೆಂಡತಿ ಮಕ್ಕಳು ಜವಾಬು ಹೇಳಬೇಕಾಗುತ್ತದೆ. ಕಂತಿನಲ್ಲಿ ಕೆಲವು ಸಾವಿರ ಉಳಿಸಿದವರು ಅರ್ಜಿಗೆ ಒಂದು ಗಂಟೆ ಹೆಚ್ಚು ಕೊಡುವುದು ಅವರಿಗಾಗಿಯೇ.