ಕುಂಚದ ಕೂದಲು ಯಾರದು?

ಕಾಗವಾಡದ ನಮ್ಮ ಮನೆಯ ಹಿತ್ತಲ ಗೋಡೆಯಲ್ಲಿ ಒಂದು ಗೂಡಿದೆ. ತಂದೆಯವರು ಇರುವಷ್ಟು ಕಾಲ ಅದರಲ್ಲಿ ಮೂರೇ ವಸ್ತುಗಳಿದ್ದವು: ಹಿತ್ತಾಳೆಯ ಬಟ್ಟಲು, ತುರಟಿಯ ಒಂದು ತುಂಡು, ಮರದ ಹಿಡಿಕೆಯ ದಾಡಿ ಬ್ರಷ್. ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದ, ಸೋಸದ ನೀರು ಕುಡಿಯದ, ಗಡ್ಡೆ ಗೆಣಸುಗಳನ್ನು ಅಡುಗೆಮನೆಗೆ ಬರಗೊಡದ ಜೈನ ರೈತ ಅವರು. ಆ ಬ್ರಷ್ಷನ್ನು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ದಿನ ಬಿಟ್ಟು ದಿನ ತಮ್ಮ ಕೆನ್ನೆಗೆ ತಿಕ್ಕಿಕೊಂಡರು. ಅದು ಹಂದಿಯ ಬಿರುಗೂದಲಿನದೆಂದು ನನಗೆ ತಿಳಿದದ್ದು ಅವರ ಕೊನೆಯ ವರ್ಷಗಳಲ್ಲಿ. ತಿಳಿದ ಮೇಲೆ ನಾನು ಅವರಿಗೆ ಹೇಳಲಿಲ್ಲ.

ಹೇಳಿದವರು ಊರಿನ ಹಡಪದ ಕಾಕಾ. ತಂದೆಯವರ ಕೈ ನಡುಗತೊಡಗಿದ ಮೇಲೆ ವಾರಕ್ಕೊಮ್ಮೆ ಮನೆಗೆ ಬಂದು ಅವರ ಗಡ್ಡ ಮಾಡುತ್ತಿದ್ದರು. ಒಮ್ಮೆ ಆ ಬ್ರಷ್ಷನ್ನು ಅಂಗೈಗೆ ಒತ್ತಿ ನೋಡಿ, ಮೆಚ್ಚಿಗೆಯಿಂದಲೇ ಹೇಳಿದರು: ‘ಭಾರಿ ಮಾಲು ಐತ್ರಿ ಇದು. ಹಂದಿ ಕೂದಲಾ. ಈಗಿನ ನೈಲಾನದಾಗ ಈ ಕಸುವು ಎಲ್ಲಿಂದ ಬರಬೇಕ್ರಿ?’ ಮರುಕ್ಷಣ ಒಳಕೋಣೆಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದರು: ‘ಅಪ್ಪಾರ ಮುಂದ ಹೇಳಬ್ಯಾಡ್ರಿ. ನೊಂದ್ಕೋತಾರ.’

ಕಾಕಾ ಅವರ ಮೆಚ್ಚಿಗೆ ಸುಳ್ಳಲ್ಲ. ಮುಂದೆ ಕುತೂಹಲಕ್ಕೆಂದು ನಾನೇ ಬಗೆಬಗೆಯ ಬ್ರಷ್ಷುಗಳನ್ನು ಬಳಸಿ ನೋಡಿದ್ದೇನೆ. ಹಂದಿಕೂದಲಿನ ಬ್ರಷ್ ಹೊಸದರಲ್ಲಿ ಒರಟು, ಸ್ವಲ್ಪ ವಾಸನೆಯೂ ಉಂಟು. ಬಿಸಿನೀರಿನಲ್ಲಿ ಕೆಲವು ನಿಮಿಷ ನೆನೆಸದೆ ಅದು ಮಾತು ಕೇಳುವುದಿಲ್ಲ. ಆದರೆ ಕೆಲವು ವಾರ ಬಳಸಿದಂತೆ ಪ್ರತಿ ಕೂದಲಿನ ತುದಿ ಕವಲೊಡೆಯುತ್ತದೆ. ಬುಡದ ಬಿಗಿ ಹಾಗೆಯೇ ಉಳಿದು ತುದಿ ಮಾತ್ರ ಮೆತ್ತಗಾಗುತ್ತದೆ. ಕೆನ್ನೆಯ ಕೂದಲನ್ನು ಎಬ್ಬಿಸಿ ನಿಲ್ಲಿಸುವ ಗುಣ ಆ ಬಿಗಿಯಲ್ಲಿದೆ. ಹಳೆಯದಾದಷ್ಟೂ ಚೆಲುವಾಗುವ ಕೆಲವೇ ವಸ್ತುಗಳಲ್ಲಿ ಅದೂ ಒಂದು.

ಪಾಶ್ಚಾತ್ಯರು ಇದಕ್ಕಿಂತ ಮೇಲೆಂದು ಎಣಿಸುವುದು ಬ್ಯಾಜರ್ ಕೂದಲನ್ನು. ಬಿಲದಲ್ಲಿ ವಾಸಿಸುವ ಈ ಪ್ರಾಣಿ ನಮ್ಮ ತರಕರಡಿಯ ದೂರದ ಬಂಧು. ಬಂಧುವೊಬ್ಬರು ವಿದೇಶದಿಂದ ತಂದುಕೊಟ್ಟ ಅಂಥದೊಂದು ಬ್ರಷ್ ನನ್ನಲ್ಲಿದೆ. ಅದು ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಬೆಚ್ಚಗಿನ ನೊರೆ ಮುಖದ ಮೇಲೆ ಕೆನೆಯಂತೆ ಹರಡುತ್ತದೆ. ತುದಿಯ ಮೃದುತ್ವಕ್ಕೆ ತಕ್ಕಂತೆ ದರ್ಜೆ, ದರ್ಜೆಗೆ ತಕ್ಕಂತೆ ಬೆಲೆ. ಆದರೆ ಬ್ರಿಟನ್ನಿನಲ್ಲಿ 1992ರ ಕಾಯ್ದೆ ರಕ್ಷಿಸುವ ಈ ಪ್ರಾಣಿಯ ಕೂದಲು ಜಗತ್ತಿನ ಮಾರುಕಟ್ಟೆಗೆ ಹೆಚ್ಚಾಗಿ ಬರುವುದು ಚೀನಾದಿಂದ. ತನ್ನ ನೆಲದಲ್ಲಿ ಕೊಲ್ಲಬಾರದೆಂದು ವಿಧಿಸಿಕೊಂಡ ಸಮಾಜ ದೂರದ ನೆಲದಲ್ಲಿ ಕೊಂದದ್ದನ್ನು ಕೆನ್ನೆಗೆ ಸವರಿಕೊಳ್ಳುತ್ತದೆ.

ಕುದುರೆಕೂದಲಿನದು ಇವೆರಡರ ನಡುವಿನ ಸ್ವಭಾವ. ಹಂದಿಯಷ್ಟು ಒರಟಲ್ಲ, ಬ್ಯಾಜರಿನಷ್ಟು ಮೃದುವಲ್ಲ. ಬಾಲ, ಕೇಸರಗಳ ಕೂದಲಾದ್ದರಿಂದ ಪ್ರಾಣಿಯನ್ನು ಕೊಲ್ಲದೆಯೂ ಅದನ್ನು ಕತ್ತರಿಸಿಕೊಳ್ಳಬಹುದು. ಆದರೆ ಅದಕ್ಕೊಂದು ಕಹಿ ಚರಿತ್ರೆಯಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ಯಾಜರ್ ಕೂದಲು ಸಿಗದಂತಾದಾಗ, ಕುದುರೆಕೂದಲಿಗೆ ಬಣ್ಣ ಬಳಿದು ಬ್ಯಾಜರಿನಂತೆ ಕಾಣಿಸುವ ಬ್ರಷ್ಷುಗಳು ಬ್ರಿಟನ್, ಅಮೆರಿಕಗಳ ಪೇಟೆಗೆ ಬಂದವು. ಸರಿಯಾಗಿ ಶುದ್ಧಿಗೊಳಿಸದ ಆ ಕೂದಲಿನಲ್ಲಿ ಆಂಥ್ರಾಕ್ಸ್ ರೋಗಾಣುಗಳಿದ್ದವು. ಕತ್ತಿ ತಾಗಿದ ಸಣ್ಣ ಗಾಯದ ಮೂಲಕ ಅವು ಸೈನಿಕರ, ನಾಗರಿಕರ ಮೈಹೊಕ್ಕವು, ಅನೇಕರು ಸತ್ತರು. ಜಪಾನಿನಿಂದ ದಾಡಿ ಬ್ರಷ್ಷುಗಳ ಆಮದನ್ನು ಬ್ರಿಟನ್ 1920ರಲ್ಲಿ ನಿಷೇಧಿಸಿತು. ಕೂದಲು ಯಾವುದೆಂದು ಕೊಳ್ಳುವವನಿಗೆ ತಿಳಿಸದಿರುವುದು ಬರಿಯ ನಂಬಿಕೆಯ ಪ್ರಶ್ನೆಯಲ್ಲ, ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಆಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಮಿರಜದ ಪೇಟೆಯಿಂದ ತಂದ ಅಗ್ಗದ ನೈಲಾನ್ ಬ್ರಷ್. ಅದು ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಕೆನ್ನೆಯ ಮೇಲೆ ಪೊರಕೆ ಆಡಿಸಿದ ಅನುಭವ. ಆದರೆ ಈಚಿನ ವರ್ಷಗಳ ಉತ್ತಮ ಕೃತಕ ಎಳೆಗಳಿಗೆ ಈ ಮಾತು ಅನ್ವಯಿಸದು. ಅವುಗಳ ಮೃದುತ್ವ ಬ್ಯಾಜರಿಗೆ ಸಮೀಪ ಬಂದಿದೆ, ನೊರೆಯೂ ಸಮೃದ್ಧ. ಇದು ಹೊಸ ಕಥೆಯೂ ಅಲ್ಲ. ಹಲ್ಲುಜ್ಜುವ ಬ್ರಷ್ಷುಗಳು ಕೂಡ ಒಂದು ಕಾಲಕ್ಕೆ ಹಂದಿಯ ಬಿರುಗೂದಲಿನವೇ ಆಗಿದ್ದವು. 1938ರಲ್ಲಿ ನೈಲಾನ್ ಎಳೆಯ ಬ್ರಷ್ ಬಂದ ಮೇಲೆ ಅವು ಹಿಂದೆ ಸರಿದವು. ಕೃತಕ ಎಳೆ ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಕರಗದು ಎಂಬ ಆಕ್ಷೇಪ ನಿಜ. ಅದನ್ನು ತೂಗಿ ನೋಡುವ ಅವಕಾಶ ಕೊಳ್ಳುವವನಿಗೆ ಇರಬೇಕು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನೊರೆಯ ಗುಣವೆಲ್ಲ ಬ್ರಷ್ಷಿನದೇ ಅಲ್ಲ. ಕೃಷ್ಣೆಯ ಸಿಹಿನೀರಿನಲ್ಲಿ ಉಕ್ಕುವ ಅದೇ ಸಾಬೂನು ಕೊಳವೆಬಾವಿಯ ಗಡಸುನೀರಿನಲ್ಲಿ ಮೊಸರಿನಂತೆ ಒಡೆಯುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಂದಿಗೆ ಕೂಡಿ ಗಷ್ಟಾಗುವುದೇ ಕಾರಣ. ಹಡಪದ ಕಾಕಾ ನೀರನ್ನು ಬೆರಳಲ್ಲಿ ತಿಕ್ಕಿ ನೋಡಿಯೇ ಸಾಬೂನಿನ ಪ್ರಮಾಣ ನಿರ್ಧರಿಸುತ್ತಿದ್ದರು. ಸುಗ್ಗಿಯಲ್ಲಿ ಜೋಳದ ಆಯ ಪಡೆದು ಊರಿನ ಗಡ್ಡಗಳನ್ನೆಲ್ಲ ನೋಡಿಕೊಂಡ ವಂಶದ ತಿಳಿವಳಿಕೆ ಅದು. ಕೂದಲು ಕವಲೊಡೆದಿದ್ದರೆ ಹಂದಿಯದು, ಒಂದೆಳೆಯನ್ನು ಕಡ್ಡಿಯ ಉರಿಗೆ ಹಿಡಿದಾಗ ಸುಟ್ಟ ಕೂದಲಿನ ನಾತ ಬಂದರೆ ಪ್ರಾಣಿಯದು, ಕರಗಿ ಮಣಿಗಟ್ಟಿದರೆ ನೈಲಾನ್ ಎಂಬ ಪರೀಕ್ಷೆಯನ್ನು ನನಗೆ ಕಲಿಸಿದವರೂ ಅವರೇ. ಆದರೆ ಕೊಂಡ ವಸ್ತು ಏನೆಂದು ತಿಳಿಯಲು ಗ್ರಾಹಕ ಅದಕ್ಕೆ ಬೆಂಕಿ ಹಚ್ಚಿ ನೋಡಬೇಕೆ?

ಬ್ರಷ್ಷಿನ ಪೊಟ್ಟಣದ ಮೇಲೆ ಏನೆಲ್ಲ ಇರಬೇಕೆಂದು ಕಾನೂನು ಮಾಪನಶಾಸ್ತ್ರದ ನಿಯಮಗಳು ಹೇಳುತ್ತವೆ. ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಎಲ್ಲವೂ ಅದರಲ್ಲಿವೆ. ನನ್ನ ಕೈಗೆ ಬಂದ ಅಗ್ಗದ ಬ್ರಷ್ಷುಗಳ ಮೇಲೆ ಕೂದಲು ಯಾರದೆಂಬ ಮಾತು ಮಾತ್ರ ಕಾಣಲಿಲ್ಲ. ಬಿಸ್ಕತ್ತಿನ ಪೊಟ್ಟಣಕ್ಕೆ ಹಸಿರು ಚುಕ್ಕಿ ಬೇಕೆಂದು ಎರಡು ದಶಕಗಳ ಹಿಂದೆಯೇ ಒಪ್ಪಿದ ದೇಶ ಇದು. ತುಟಿಗೆ ತಾಗುವ ನೊರೆಯ ಕುಂಚಕ್ಕೆ ಒಂದು ಪದ ಮುದ್ರಿಸುವುದು ದೊಡ್ಡ ಹೊರೆಯಲ್ಲ. ಜೈನರು, ಲಿಂಗಾಯತರು, ಮುಸಲ್ಮಾನರು ಒಂದೇ ಸಲೂನಿನ ಬಾಕಿನ ಮೇಲೆ ಸರದಿ ಕಾಯುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಒಬ್ಬರದಲ್ಲ.

ಇದು ಬರಿಯ ಮಡಿವಂತಿಕೆ ಎನ್ನುವವರಿದ್ದಾರೆ. ಬ್ರಷ್ ಉದ್ಯಮ ಬಡವರ ಕೈಗಸುಬು, ಅದಕ್ಕೆ ಕಲ್ಲು ಹಾಕಬೇಡಿ ಎನ್ನುವವರೂ ಇದ್ದಾರೆ. ಕಾನ್ಪುರದ ಬಿರುಗೂದಲಿನ ವ್ಯಾಪಾರ ಹಳೆಯದು. ಉತ್ತರಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್ ಬ್ರಷ್ಷಿನ ಊರೆಂದೇ ಹೆಸರಾದದ್ದು. ಆ ಕೈಗಳ ಅನ್ನ ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರಿಲ್ಲದ ಕೂದಲಿನ ಮರೆಯಲ್ಲಿ ಏನೇನು ಸಾಗುತ್ತದೆಂಬುದನ್ನೂ ಕಂಡಿದ್ದೇವೆ. ಚಿತ್ರಕಾರರ ಕುಂಚಗಳಿಗಾಗಿ ಮುಂಗುಸಿಗಳನ್ನು ಕೊಲ್ಲುವ ಜಾಲದ ವಿರುದ್ಧ 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಹೆಸರು ಬರೆಯಬೇಕಾದ ಕಡೆ ಕಳ್ಳಮಾಲು ಸೇರಿಸುವುದು ಇಷ್ಟು ಸುಲಭವಾಗದು.

ನೆರೆಯ ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳ ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಚಪ್ಪಲಿ ಚರ್ಮದ್ದೆಂದು ಎಲ್ಲರಿಗೂ ಗೊತ್ತು. ಬೇಕಾದವರು ಮೆಟ್ಟುತ್ತಾರೆ, ಬೇಡದವರು ಬಿಡುತ್ತಾರೆ. ಅದನ್ನು ಹೊಲಿಯುವವನು ತನ್ನ ಕಸುಬನ್ನು ಮುಚ್ಚಿಡುವುದಿಲ್ಲ. ಅದೇ ಅವನ ಹೆಮ್ಮೆ. ಹಂದಿಕೂದಲಿನ ಒಳ್ಳೆಯ ಬ್ರಷ್ಷಿಗೂ ಅಂಥ ಹೆಮ್ಮೆ ಸಲ್ಲಬೇಕು. ಮುಚ್ಚುಮರೆ ಕಸುಬಿಗೂ ಅವಮಾನ, ಕೊಳ್ಳುವವನಿಗೂ ಅವಮಾನ.

ನಮ್ಮ ಭಾಗದಲ್ಲಿ ಇನ್ನೊಂದು ಕುಂಚವಿದೆ. ಅದು ಗಡ್ಡಕ್ಕೆ ಸಂಬಂಧಿಸಿದ್ದಲ್ಲ. ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಶೇಡಬಾಳ ನಮಗೆ ಕೂಗಳತೆಯ ಊರು. ದಿಗಂಬರ ಮುನಿಗಳು ಕತ್ತಿ, ಸಾಬೂನು ಯಾವುದನ್ನೂ ಮುಟ್ಟದೆ ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಕೈಯಿಂದಲೇ ಕೂದಲು ಕೀಳುತ್ತಾರೆ. ಅವರ ಕೈಯಲ್ಲಿರುವ ಪಿಂಛಿ ನವಿಲು ತಾನೇ ಉದುರಿಸಿದ ಗರಿಗಳದು. ಧೂಳು ಹಿಡಿಯಬಾರದು, ಬೆವರು ಹೀರಬಾರದು, ಮೃದುವಾಗಿರಬೇಕು, ಸುಕುಮಾರವಾಗಿರಬೇಕು, ಹಗುರಾಗಿರಬೇಕು ಎಂದು ಶಾಸ್ತ್ರ ಅದಕ್ಕೆ ಐದು ಗುಣಗಳನ್ನು ಹೇಳಿದೆ. ಕುಳಿತುಕೊಳ್ಳುವ ಮುನ್ನ ನೆಲದ ಮೇಲಿನ ಇರುವೆಯನ್ನು ನೋಯಿಸದೆ ಸರಿಸುವುದು ಅದರ ಕೆಲಸ. ಕುಂಚದ ಗುಣವನ್ನು ಅದು ತಾಗುವ ಜೀವಿಯ ಕಡೆಯಿಂದಲೂ, ಅದು ಬಂದ ಜೀವಿಯ ಕಡೆಯಿಂದಲೂ ಅಳೆದ ಪರಂಪರೆ ನಮ್ಮ ಮನೆಯ ಬಾಗಿಲಲ್ಲೇ ಇತ್ತು. ನಾವು ಕೆನ್ನೆಯ ಕಡೆಯಿಂದ ಮಾತ್ರ ಅಳೆದೆವು.

ತಂದೆಯವರು ತೀರಿಕೊಂಡ ಮೇಲೆ ಆ ಬ್ರಷ್ಷನ್ನು ಏನು ಮಾಡಬೇಕೆಂದು ತಿಳಿಯದೆ ಗೂಡಿನಲ್ಲಿಯೇ ಬಿಟ್ಟಿದ್ದೇನೆ. ನಾನು ಸುಮ್ಮನಿದ್ದದ್ದು ಅವರ ನೆಮ್ಮದಿಗಾಗಿ ಎಂದು ಬಹಳ ದಿನ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ತಮ್ಮ ವ್ರತವನ್ನು ಎಷ್ಟು ದೂರ ಕೊಂಡೊಯ್ಯಬೇಕೆಂದು ನಿರ್ಧರಿಸುವ ಹಕ್ಕು ಅವರದಾಗಿತ್ತು. ತಿಳಿದಿದ್ದರೆ ಅವರು ಬ್ರಷ್ಷನ್ನು ಎಸೆಯುತ್ತಿದ್ದರೋ, ನಕ್ಕು ಸುಮ್ಮನಾಗುತ್ತಿದ್ದರೋ ನಾನರಿಯೆ. ಆ ಹಕ್ಕನ್ನು ಮೊದಲು ಕಸಿದದ್ದು ಹೆಸರಿಲ್ಲದ ಒಂದು ಪೊಟ್ಟಣ. ಆಮೇಲೆ ಕಸಿದವನು ನಾನು. ನನ್ನದನ್ನು ಸರಿಪಡಿಸುವ ಕಾಲ ಮೀರಿತು. ಪೊಟ್ಟಣದ್ದನ್ನು ಸರಿಪಡಿಸಲು ಒಂದು ಸಾಲು ಮುದ್ರಿಸಿದರೆ ಸಾಕು.